ಎಸ್‌ಎಚ್-ಎಸ್‌ವೈ5ವೈ ಕೋಶಗಳಲ್ಲಿ ಎಸ್ಟ್ರಾಡಿಯಾಲ್ ಪರಿಣಾಮ ಒಮ್ಮೆ ಕಾಣುತ್ತೆ, ಒಮ್ಮೆ ಕಾಣಲ್ಲ: ತಪ್ಪು ಎಲ್ಲಿದೆ?

ನರತಂತು ಕೇಳಿದ್ದು:

ಎಸ್ಟ್ರಾಡಿಯಾಲ್ (ಮುಖ್ಯ ಎಸ್ಟ್ರೊಜನ್ ಹಾರ್ಮೋನು) ನರಕೋಶಗಳನ್ನು ಹೈಡ್ರೋಜನ್ ಪೆರಾಕ್ಸೈಡ್ ಹಾನಿಯಿಂದ ಕಾಪಾಡುತ್ತದೆಯೇ, ಕಾಪಾಡಿದರೆ ಯಾವ ರಿಸೆಪ್ಟರ್ (ಹಾರ್ಮೋನು ಅಂಟುವ ಪ್ರೋಟೀನ್) ಮೂಲಕ ಎಂಬುದು ಪ್ರಶ್ನೆ. ಬಳಸುತ್ತಿರುವ ಸೆಲ್ ಲೈನ್ ಎಸ್‌ಎಚ್-ಎಸ್‌ವೈ5ವೈ, ಮನುಷ್ಯರ ನ್ಯೂರೊಬ್ಲಾಸ್ಟೊಮಾ ಗಡ್ಡೆಯಿಂದ ಬಂದದ್ದು.

ಈಗಿನ ಏರ್ಪಾಡು: ಫಿನಾಲ್ ರೆಡ್ (ಆಮ್ಲತೆ ತೋರಿಸುವ ಬಣ್ಣ) ಇರುವ ಡಿಎಂಇಎಂ/ಎಫ್12 ಮೀಡಿಯಂ, 10% ಎಫ್‌ಬಿಎಸ್ (ಕರುವಿನ ಭ್ರೂಣದ ಸೀರಂ). 96 ವೆಲ್ ಪ್ಲೇಟಿನಲ್ಲಿ ವೆಲ್ಲಿಗೆ 10,000 ಕೋಶ. ಮರುದಿನ ಎಸ್ಟ್ರಾಡಿಯಾಲ್ 10 ನ್ಯಾನೋಮೋಲಾರ್, 1 ಮೈಕ್ರೋಮೋಲಾರ್, 10 ಮೈಕ್ರೋಮೋಲಾರ್. 24 ಗಂಟೆ ಬಿಟ್ಟು ಪೆರಾಕ್ಸೈಡ್, ಮತ್ತೆ 24 ಗಂಟೆ ಬಿಟ್ಟು ಎಂಟಿಟಿ (ಎಷ್ಟು ಕೋಶ ಉಳಿದವು ಎಂದು ತಿಳಿಯಲು ಬಳಸುವ ಬಣ್ಣದ ಪರೀಕ್ಷೆ). ಹಾರ್ಮೋನಿನ ಸ್ಟಾಕ್ ಎಥನಾಲ್‌ನಲ್ಲಿದೆ.

10 ಮೈಕ್ರೋಮೋಲಾರ್‌ನಲ್ಲಿ ರಕ್ಷಣೆ ಪ್ರತಿ ಸಲವೂ ಕಾಣುತ್ತದೆ. 10 ನ್ಯಾನೋಮೋಲಾರ್‌ನಲ್ಲಿ ಒಂದು ಸಲ ಕಂಡರೆ ಮುಂದಿನ ಸಲ ಇಲ್ಲ. ಸೀರಂ ಬಾಟಲಿ ಬದಲಾದಾಗ ಫಲಿತಾಂಶವೂ ಬದಲಾಗುತ್ತದೆ. ಎಸ್ಟ್ರೊಜನ್ ರಿಸೆಪ್ಟರ್‌ನ (ಇಆರ್) ಎರಡು ಬಗೆಗಳಲ್ಲಿ, ಪ್ರೋಟೀನ್ ಗುರುತಿಸುವ ವೆಸ್ಟರ್ನ್ ಬ್ಲಾಟ್‌ನಲ್ಲಿ ಇಆರ್-ಬೀಟಾ ಬ್ಯಾಂಡ್ ಢಾಳಾಗಿ ಬರುತ್ತದೆ, ಇಆರ್-ಆಲ್ಫಾ ಮಸುಕು. ಹಾಗಾದರೆ ಇದು ಇಆರ್-ಬೀಟಾ ಕೆಲಸ ಅಂದುಕೊಳ್ಳಬಹುದೇ? ಇನ್ನೊಂದು ವಿಷಯ: ಇದನ್ನೇ ಗಂಡು ಮೂಲದ ಎನ್2ಎ ಕೋಶಗಳಲ್ಲೂ (ಇಲಿಯ ನ್ಯೂರೊಬ್ಲಾಸ್ಟೊಮಾ ಲೈನ್) ಮಾಡಿ ಗಂಡು-ಹೆಣ್ಣು ವ್ಯತ್ಯಾಸ ತೋರಿಸಬಹುದೇ?

---

ಮೀಡಿಯಂ_ಮೇಜು ಉತ್ತರ:

ನಿಮ್ಮ ಕಂಟ್ರೋಲ್ ವೆಲ್‌ನಲ್ಲೇ ಹಾರ್ಮೋನು ಇದೆ. ಅದನ್ನು ಸರಿಮಾಡದೆ ಡೋಸ್ ಬದಲಿಸುತ್ತಾ ಹೋದರೆ ಏನೂ ಸಿಗುವುದಿಲ್ಲ.

ಫಿನಾಲ್ ರೆಡ್‌ನಿಂದ ಶುರುಮಾಡಿ. ಮೀಡಿಯಂನಲ್ಲಿ ಇರುವ ಪ್ರಮಾಣದಲ್ಲೇ ಅದು ಎಸ್ಟ್ರೊಜನ್‌ನಂತೆ ವರ್ತಿಸುತ್ತದೆ ಎಂಬುದು 1986ರಲ್ಲೇ ಗೊತ್ತಾಗಿದೆ. ಬಣ್ಣಕ್ಕಿಂತ ಅದರ ತಯಾರಿಕೆಯಲ್ಲಿ ಉಳಿದುಬಿಡುವ ಒಂದು ಕಲ್ಮಶವೇ ಮುಖ್ಯ ಕಾರಣ ಎಂದು ಆಮೇಲೆ ತಿಳಿಯಿತು. ಹಾಗಾಗಿಯೇ ಒಂದು ಬ್ಯಾಚಿನಿಂದ ಇನ್ನೊಂದಕ್ಕೆ ಅದರ ಪ್ರಭಾವ ಏರುಪೇರಾಗುತ್ತದೆ. ಡಿಎಂಇಎಂನಲ್ಲಿ ಸುಮಾರು 40 ಮೈಕ್ರೋಮೋಲಾರ್, ಡಿಎಂಇಎಂ/ಎಫ್12ನಲ್ಲಿ ಸುಮಾರು 20 ಮೈಕ್ರೋಮೋಲಾರ್ ಫಿನಾಲ್ ರೆಡ್ ಇರುತ್ತದೆ. ಫಿನಾಲ್ ರೆಡ್ ಇಲ್ಲದ ಮೀಡಿಯಂ ತರಿಸಿ. ಟ್ರಿಪ್ಸಿನ್ ದ್ರಾವಣದಲ್ಲೂ ಅದು ಇರುತ್ತದೆ ಎನ್ನುವುದನ್ನು ಬಹಳ ಜನ ಮರೆಯುತ್ತಾರೆ. ಟ್ರಿಪ್ಸಿನ್ ನಿಲ್ಲಿಸಲು ಸಾಮಾನ್ಯ ಸೀರಂ ಹಾಕಿ, ಹಾಗೇ ಪ್ಲೇಟಿಗೆ ಸುರಿದರೆ ಹಾರ್ಮೋನನ್ನು ನೀವೇ ಕೈಯಾರೆ ಸೇರಿಸಿದಂತಾಯಿತು. ಸೆಂಟ್ರಿಫ್ಯೂಜ್ ಮಾಡಿ, ಮೇಲಿನ ದ್ರವ ಚೆಲ್ಲಿ, ಹೊಸ ಮೀಡಿಯಂನಲ್ಲಿ ಕದಡಿ ಹಾಕಿ.

ಎರಡನೆಯದು ಸೀರಂ. ಎಫ್‌ಬಿಎಸ್‌ನಲ್ಲಿ ಎಸ್ಟ್ರಾಡಿಯಾಲ್, ಪ್ರೊಜೆಸ್ಟರೋನ್, ಟೆಸ್ಟೊಸ್ಟಿರೋನ್ ಎಲ್ಲವೂ ಇವೆ, ಪ್ರಮಾಣ ಲಾಟ್‌ನಿಂದ ಲಾಟ್‌ಗೆ ಬೇರೆ. ಎಂಸಿಎಫ್-7 ಎಂಬ ಸ್ತನ ಕ್ಯಾನ್ಸರ್ ಕೋಶಗಳು ಸುಮಾರು 10 ಪಿಕೋಮೋಲಾರ್ ಎಸ್ಟ್ರಾಡಿಯಾಲ್‌ಗೇ ಬೆಳೆಯಲು ಶುರುಮಾಡುತ್ತವೆ. ಅಂದಮೇಲೆ ಸೀರಂನಲ್ಲಿ ಉಳಿದ ಚೂರೂ ಲೆಕ್ಕಕ್ಕೆ ಬರುತ್ತದೆ. ಬಾಟಲಿ ಬದಲಾದಾಗ ಫಲಿತಾಂಶ ಬದಲಾಗುವುದು ಇದರಿಂದಲೇ ಇರಬೇಕು.

ಚಾರ್ಕೋಲ್-ಡೆಕ್ಸ್‌ಟ್ರಾನ್ ಹಾಯಿಸಿ ಹಾರ್ಮೋನು ತೆಗೆದ ಸೀರಂ (ಸ್ಟ್ರಿಪ್ಡ್ ಸೀರಂ) ಸಿದ್ಧವಾಗಿಯೇ ಸಿಗುತ್ತದೆ. ನೀವೇ ಮಾಡುವುದಾದರೆ: 500 ಮಿಲೀ ಸೀರಂ, 56 ಡಿಗ್ರಿಯಲ್ಲಿ 30 ನಿಮಿಷ. ತಣ್ಣಗಾದ ಮೇಲೆ 5 ಗ್ರಾಂ ಚಾರ್ಕೋಲ್, 0.5 ಗ್ರಾಂ ಡೆಕ್ಸ್‌ಟ್ರಾನ್ ಟಿ-70. 4 ಡಿಗ್ರಿಯಲ್ಲಿ ರಾತ್ರಿಯಿಡೀ ನಿಧಾನವಾಗಿ ತಿರುಗಿಸಿ. ಸೆಂಟ್ರಿಫ್ಯೂಜ್ ಮಾಡಿ ಚಾರ್ಕೋಲ್ ತಳಕ್ಕೆ ಕೂರಿಸಿ, ದ್ರವವನ್ನು ಮಾತ್ರ ಬೇರೆ ಬಾಟಲಿಗೆ ತೆಗೆದು ಮತ್ತೊಮ್ಮೆ ಸೆಂಟ್ರಿಫ್ಯೂಜ್ ಮಾಡಿ. ಆಮೇಲೆ 0.45, ಕೊನೆಗೆ 0.22 ಮೈಕ್ರಾನ್ ಫಿಲ್ಟರ್. ನೇರವಾಗಿ 0.22ಕ್ಕೆ ಹಾಕಿದರೆ ಕಪ್ಪು ಪುಡಿ ಫಿಲ್ಟರನ್ನು ಕಟ್ಟಿಬಿಡುತ್ತದೆ. ಒಂದು ವಿಷಯ ನೆನಪಿಡಿ: ಚಾರ್ಕೋಲ್ ಲೈಂಗಿಕ ಹಾರ್ಮೋನುಗಳನ್ನು ಮಾತ್ರ ಆರಿಸಿ ತೆಗೆಯುವುದಿಲ್ಲ. ಥೈರಾಯ್ಡ್ ಹಾರ್ಮೋನು, ಕಾರ್ಟಿಸಾಲ್, ಕೊಬ್ಬಿನಲ್ಲಿ ಕರಗುವ ವಿಟಮಿನ್‌ಗಳು, ಕೆಲವು ಗ್ರೋತ್ ಫ್ಯಾಕ್ಟರ್‌ಗಳೂ ಹೋಗುತ್ತವೆ. ಆದ್ದರಿಂದ ಸ್ಟ್ರಿಪ್ಡ್ ಸೀರಂನಲ್ಲಿ ಬೆಳೆದ ಕೋಶಗಳನ್ನು ಸಾಮಾನ್ಯ ಸೀರಂನ ಕೋಶಗಳೊಂದಿಗೆ ಹೋಲಿಸಬೇಡಿ. ಹೋಲಿಕೆ ಯಾವಾಗಲೂ ಸ್ಟ್ರಿಪ್ಡ್ ಸೀರಂ ಮತ್ತು ಎಥನಾಲ್, ಸ್ಟ್ರಿಪ್ಡ್ ಸೀರಂ ಮತ್ತು ಹಾರ್ಮೋನು, ಇವೆರಡರ ನಡುವೆ.

ಹಾರ್ಮೋನು ಹಾಕುವ 48 ಗಂಟೆ ಮೊದಲೇ ಕೋಶಗಳನ್ನು ಈ ಮೀಡಿಯಂಗೆ ತನ್ನಿ, ನಡುವೆ ಒಮ್ಮೆ ಬದಲಿಸಿ. ಎಸ್‌ಎಚ್-ಎಸ್‌ವೈ5ವೈ ಬಹಳ ದಿನ ತಡೆಯುವುದಿಲ್ಲ. ನಾಲ್ಕೈದು ದಿನವಾದರೆ ಕೋಶಗಳು ಕಳಚಿ ತೇಲತೊಡಗುತ್ತವೆ, ಆಗ ಕಂಟ್ರೋಲ್‌ನ ಸಾವೇ ಹೆಚ್ಚಾಗಿ ಎಲ್ಲವೂ ಮಸುಕಾಗುತ್ತದೆ.

ಸೀರಂ ಗೊಡವೆಯೇ ಬೇಡ ಎಂದು ಅದರ ಬದಲಿಗೆ ಹಾಕುವ ಎನ್2 ಅಥವಾ ಬಿ27 ಸಪ್ಲಿಮೆಂಟ್‌ಗೆ (ಈ ಎನ್2ಗೂ ಎನ್2ಎ ಕೋಶಕ್ಕೂ ಸಂಬಂಧವಿಲ್ಲ) ಹೋಗುವ ಮುನ್ನ ಅವುಗಳಲ್ಲಿ ಏನಿದೆ ಎಂದು ಓದಿ. ಎನ್2ನಲ್ಲಿ 20 ನ್ಯಾನೋಮೋಲಾರ್ ಪ್ರೊಜೆಸ್ಟರೋನ್ ಇದೆ. ಬಿ27ನಲ್ಲಿ ಪ್ರೊಜೆಸ್ಟರೋನ್ ಜೊತೆಗೆ ಕಾರ್ಟಿಕೊಸ್ಟಿರೋನ್ ಇದೆ. ಸಾಲದ್ದಕ್ಕೆ ಕ್ಯಾಟಲೇಸ್, ಗ್ಲುಟಥಯೋನ್, ವಿಟಮಿನ್ ಇ. ಪೆರಾಕ್ಸೈಡ್ ಪ್ರಯೋಗಕ್ಕೆ ಪೆರಾಕ್ಸೈಡನ್ನೇ ಒಡೆಯುವ ಕ್ಯಾಟಲೇಸ್ ಇರುವ ಮೀಡಿಯಂ ಹಾಕಿದರೆ ಏನಾಗುತ್ತದೆ ಎಂದು ಹೇಳಬೇಕಿಲ್ಲ. ಎನ್2 ಬೇಕೇಬೇಕು ಅಂದರೆ ಇನ್ಸುಲಿನ್, ಟ್ರಾನ್ಸ್‌ಫೆರಿನ್, ಪ್ಯುಟ್ರೆಸೀನ್, ಸೆಲೆನೈಟ್ ಬಿಡಿಬಿಡಿಯಾಗಿ ಬೆರೆಸಿ, ಪ್ರೊಜೆಸ್ಟರೋನ್ ಕೈಬಿಡಿ.

ಇದೇ ಸಾಲಿನಲ್ಲಿ ಇನ್ನೊಂದು, ನಿಮ್ಮ ಪ್ರಯೋಗಕ್ಕೆ ನೇರ ಸಂಬಂಧಿಸಿದ್ದು: ಪೈರುವೇಟ್. ಅದು ಹೈಡ್ರೋಜನ್ ಪೆರಾಕ್ಸೈಡನ್ನು ಯಾವ ಕಿಣ್ವದ ನೆರವೂ ಇಲ್ಲದೆ ನೇರವಾಗಿ ನಾಶಮಾಡುತ್ತದೆ. ಡಿಎಂಇಎಂ/ಎಫ್12ನಲ್ಲಿ 0.5 ಮಿಲಿಮೋಲಾರ್ ಪೈರುವೇಟ್ ಇದೆ. ಫಿನಾಲ್ ರೆಡ್ ಇಲ್ಲದ ಕೆಲವು ಡಿಎಂಇಎಂಗಳಲ್ಲಿ ಪೈರುವೇಟೂ ಇರುವುದಿಲ್ಲ, ಗ್ಲುಟಮಿನ್ನೂ ಇರುವುದಿಲ್ಲ. ಮೀಡಿಯಂ ಬದಲಿಸಿದ ದಿನ ಕೋಶಗಳು ಒಮ್ಮೆಲೇ ಹೆಚ್ಚು ಸತ್ತರೆ ಅದು ಹಾರ್ಮೋನು ಇಲ್ಲದ್ದಕ್ಕಲ್ಲ, ಪೈರುವೇಟ್ ಇಲ್ಲದ್ದಕ್ಕೆ ಇರಬಹುದು. ಲೇಬಲ್ ನೋಡಿ, ಪೆರಾಕ್ಸೈಡ್ ಡೋಸ್ ಕರ್ವ್ ಹೊಸದಾಗಿ ಹಾಕಿ, ಅರ್ಧದಷ್ಟು ಕೋಶ ಸಾಯುವ ಪ್ರಮಾಣವನ್ನು ಆರಿಸಿಕೊಳ್ಳಿ.

ಪ್ಲಾಸ್ಟಿಕ್ ಬಗ್ಗೆ ಎರಡು ಮಾತು. ಕೆಲವು ಪಾಲಿಸ್ಟೈರೀನ್ ಟ್ಯೂಬ್‌ಗಳಿಂದ ನೋನೈಲ್‌ಫಿನಾಲ್ (1991), ಆಟೋಕ್ಲೇವ್ ಮಾಡಿದ ಪಾಲಿಕಾರ್ಬನೇಟ್ ಫ್ಲಾಸ್ಕ್‌ಗಳಿಂದ ಬಿಸ್‌ಫಿನಾಲ್-ಎ (1993) ಹೊರಬರುವುದು ಪತ್ತೆಯಾಗಿದ್ದೇ ಇಂಥ ಎಸ್ಟ್ರೊಜನ್ ಪ್ರಯೋಗಗಳ ಕಂಟ್ರೋಲ್‌ಗಳು ತಪ್ಪಿದಾಗ. ಪಾಲಿಕಾರ್ಬನೇಟ್ ಬಾಟಲಿಯಲ್ಲಿ ಆಟೋಕ್ಲೇವ್ ಮಾಡಿದ ನೀರು ಬಳಸಬೇಡಿ. ಹಾರ್ಮೋನ್ ಸ್ಟಾಕ್ ಗಾಜಿನ ವಯಲ್‌ನಲ್ಲಿರಲಿ. ಸ್ಟಿರಾಯ್ಡ್ ಪ್ಲಾಸ್ಟಿಕ್ ಗೋಡೆಗೆ ಅಂಟಿಕೊಳ್ಳುತ್ತದೆ.

ಎಲ್ಲ ಸರಿಯಾಯಿತೇ ಎಂದು ತಿಳಿಯಲು ಸರಳ ಪರೀಕ್ಷೆ: ಈ ಮೀಡಿಯಂನಲ್ಲಿ ಎಂಸಿಎಫ್-7 ಬೆಳೆಸಿ, ಹಾರ್ಮೋನು ಹಾಕದೆ ಎಸ್ಟ್ರೊಜನ್ ರಿಸೆಪ್ಟರ್ ತಡೆಯುವ ಐಸಿಐ 182,780 ಮಾತ್ರ ಹಾಕಿ, ಎಸ್ಟ್ರೊಜನ್‌ಗೆ ಏರುವ ಪಿಜಿಆರ್ (ಪ್ರೊಜೆಸ್ಟರೋನ್ ರಿಸೆಪ್ಟರ್) ಜೀನ್‌ನ ಎಂಆರ್‌ಎನ್‌ಎ ಅಳೆಯಿರಿ. ಬರೀ ಐಸಿಐಗೇ ಮಟ್ಟ ಗಣನೀಯವಾಗಿ ಇಳಿದರೆ ಮೀಡಿಯಂನಲ್ಲಿ ಎಸ್ಟ್ರೊಜನ್ ಉಳಿದಿದೆ ಎಂದು ಮೊದಲು ಅನುಮಾನಿಸಿ.

---

ರಿಸೆಪ್ಟರ್_ಮೊದಲು ಉತ್ತರ:

ಮೇಲಿನದಕ್ಕೆ ಒಂದು ಸೇರ್ಪಡೆ: ಐಸಿಐ ಪರೀಕ್ಷೆಯಲ್ಲಿ ಇನ್ಸುಲಿನ್ ಮತ್ತು ಅದನ್ನು ಹೋಲುವ ಗ್ರೋತ್ ಫ್ಯಾಕ್ಟರ್ ಐಜಿಎಫ್-1 ಕೂಡ ಮೂಗು ತೂರಿಸುತ್ತವೆ. ಅವು ಎಂಎಪಿ ಕೈನೇಸ್ ಮೂಲಕ ಇಆರ್-ಆಲ್ಫಾದ ಸೆರೀನ್ 118ಕ್ಕೆ ಫಾಸ್ಫೇಟ್ ಹಚ್ಚಿಸಿ ಹಾರ್ಮೋನೇ ಇಲ್ಲದೆ ರಿಸೆಪ್ಟರನ್ನು ಎಬ್ಬಿಸಬಲ್ಲವು. ಸೀರಂ ಇಲ್ಲದ ಮೀಡಿಯಂಗೆ 5 ಮೈಕ್ರೋಗ್ರಾಂ/ಮಿಲೀ ಇನ್ಸುಲಿನ್ ಹಾಕುವವರು ಇದನ್ನು ಗಮನಿಸಬೇಕು.

ಈಗ ಬ್ಲಾಟ್ ವಿಷಯ. ಇಆರ್-ಬೀಟಾ ಬ್ಯಾಂಡ್ ಢಾಳಾಗಿದೆ ಎಂಬುದನ್ನು ಸದ್ಯಕ್ಕೆ ಪಕ್ಕಕ್ಕಿಡಿ. 2017ರಲ್ಲಿ ಇಆರ್-ಬೀಟಾದ 13 ಆಂಟಿಬಾಡಿಗಳನ್ನು ಒರೆಗೆ ಹಚ್ಚಿದಾಗ ನಿಖರ ಎಂದು ನಿಂತದ್ದು ಪಿಪಿಝಡ್0506 ಒಂದೇ. ಉಳಿದವು ಬೇರೆ ಪ್ರೋಟೀನ್‌ಗಳನ್ನು ಹಿಡಿಯುತ್ತಿದ್ದವು, ಇಲ್ಲವೇ ಇಆರ್-ಬೀಟಾವನ್ನು ಹಿಡಿಯುತ್ತಲೇ ಇರಲಿಲ್ಲ. ಆಣ್ವಿಕ ತೂಕ ಸರಿಯಾದ ಕಡೆ ಬ್ಯಾಂಡ್ ಬಂತು ಎನ್ನುವುದು ಸಾಕ್ಷ್ಯವಲ್ಲ. ಪೂರ್ಣ ಉದ್ದದ ಇಆರ್-ಬೀಟಾ ಸುಮಾರು 59 ಕಿಲೋಡಾಲ್ಟನ್, ಇಆರ್-ಆಲ್ಫಾ 66. ಆ ಜಾಗದಲ್ಲಿ ಬೀಳುವ ಪ್ರೋಟೀನ್‌ಗಳು ಬೇಕಾದಷ್ಟಿವೆ. ಒಂದು ಲೇನ್‌ನಲ್ಲಿ ಇಆರ್-ಬೀಟಾ ಜೀನ್ ಇರುವ ಪ್ಲಾಸ್ಮಿಡ್ ಹಾಕಿದ ಎಚ್‌ಇಕೆ293 ಕೋಶಗಳ ಲೈಸೇಟ್ (ಒಡೆದ ಕೋಶಗಳ ದ್ರವ), ಪಕ್ಕದಲ್ಲಿ ಖಾಲಿ ಪ್ಲಾಸ್ಮಿಡ್‌ನದು, ಅದರ ಪಕ್ಕ ಇಆರ್-ಬೀಟಾ ಜೀನನ್ನು ಅಡಗಿಸುವ ಎಸ್‌ಐಆರ್‌ಎನ್‌ಎ ಹಾಕಿದ ನಿಮ್ಮ ಕೋಶಗಳು. ಎಸ್‌ಐಆರ್‌ಎನ್‌ಎಗೆ ಬ್ಯಾಂಡ್ ಕುಗ್ಗದಿದ್ದರೆ ಅದು ಇಆರ್-ಬೀಟಾ ಅಲ್ಲ.

ಇಆರ್-ಆಲ್ಫಾಗೆ ಪಾಸಿಟಿವ್ ಕಂಟ್ರೋಲ್ ಎಂಸಿಎಫ್-7, ಪ್ರೊಜೆಸ್ಟರೋನ್ ರಿಸೆಪ್ಟರ್‌ಗೆ ಟಿ47ಡಿ, ಆಂಡ್ರೊಜನ್ ರಿಸೆಪ್ಟರ್‌ಗೆ ಎಲ್‌ಎನ್‌ಕ್ಯಾಪ್. ಎಲ್‌ಎನ್‌ಕ್ಯಾಪ್ ಬ್ಲಾಟ್‌ಗೆ ಮಾತ್ರ ಸರಿ. ಅದರ ಆಂಡ್ರೊಜನ್ ರಿಸೆಪ್ಟರ್ ಮ್ಯುಟೇಶನ್ ಆಗಿದ್ದು, ಪ್ರೊಜೆಸ್ಟರೋನ್, ಎಸ್ಟ್ರಾಡಿಯಾಲ್‌ಗಳಿಗೂ ಸ್ಪಂದಿಸುತ್ತದೆ.

ಬ್ಲಾಟ್‌ಗಿಂತ ಮೊದಲು ಎಂಆರ್‌ಎನ್‌ಎ ಅಳೆಯುವ ಕ್ಯೂಪಿಸಿಆರ್: ಇಎಸ್‌ಆರ್1 (ಇಆರ್-ಆಲ್ಫಾ), ಇಎಸ್‌ಆರ್2 (ಇಆರ್-ಬೀಟಾ), ಜಿಪಿಇಆರ್1 (ಪೊರೆಯ ಎಸ್ಟ್ರೊಜನ್ ರಿಸೆಪ್ಟರ್), ಎಆರ್ (ಆಂಡ್ರೊಜನ್ ರಿಸೆಪ್ಟರ್), ಪಿಜಿಆರ್, ಜೊತೆಗೆ ಅರೊಮಟೇಸ್‌ನ ಸಿವೈಪಿ19ಎ1. ಆರ್‌ಎನ್‌ಎಗೆ ಡಿಎನ್‌ಏಸ್ ಹಾಕಿ, ಪ್ರೈಮರ್‌ಗಳು ಎಕ್ಸಾನ್ ಗಡಿ ದಾಟುವಂತಿರಲಿ, ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ ಇಲ್ಲದ ಕಂಟ್ರೋಲ್ ಇಡಿ. ಸಿಟಿ (ಸಂಕೇತ ಕಾಣಲು ಬೇಕಾದ ಸುತ್ತುಗಳ ಸಂಖ್ಯೆ) 35 ದಾಟಿದರೆ ಆ ಜೀನ್ ಮೇಲೆ ಯಾವ ವಾದವನ್ನೂ ಕಟ್ಟಬೇಡಿ. ಎಸ್‌ಎಚ್-ಎಸ್‌ವೈ5ವೈನಲ್ಲಿ ಈ ರಿಸೆಪ್ಟರ್‌ಗಳ ಮಟ್ಟ ಕಡಿಮೆ, ಪ್ಯಾಸೇಜ್ ಏರಿದಂತೆ ಬದಲಾಗುತ್ತದೆ ಕೂಡ. ಬೇರೆಯವರ ಪ್ರಬಂಧದಲ್ಲಿ ಇದೆ ಎಂದಿದ್ದರೆ ನಿಮ್ಮ ಫ್ಲಾಸ್ಕ್‌ನಲ್ಲೂ ಇದೆ ಎಂದು ಅರ್ಥವಲ್ಲ. 20 ಪ್ಯಾಸೇಜ್ ಒಳಗೆ ಮುಗಿಸಿ, ಪ್ರತಿ ಪ್ರಯೋಗದ ಪ್ಯಾಸೇಜ್ ಸಂಖ್ಯೆ ಬರೆದಿಡಿ, ಚಪ್ಪಟೆಯಾಗಿ ಹರಡುವ ಎಸ್-ಮಾದರಿ ಕೋಶಗಳು ಹೆಚ್ಚುತ್ತಿವೆಯೇ ನೋಡುತ್ತಿರಿ. ಎಸ್‌ಟಿಆರ್ (ಕೋಶದ ಗುರುತು ಖಚಿತಪಡಿಸುವ ಡಿಎನ್‌ಎ ಪರೀಕ್ಷೆ) ಮತ್ತು ಮೈಕೊಪ್ಲಾಸ್ಮಾ (ಸೋಂಕು) ಪರೀಕ್ಷೆ ಆಗಿಲ್ಲದಿದ್ದರೆ ಅದೇ ಮೊದಲ ಕೆಲಸ.

ರಿಸೆಪ್ಟರ್ ಇದೆ ಎನ್ನುವುದು ಸಾಲದು, ಕೆಲಸ ಮಾಡುತ್ತಿರಬೇಕು. ಎಸ್ಟ್ರೊಜನ್ ರಿಸೆಪ್ಟರ್ ಕೆಲಸ ಮಾಡಿದರೆ ಬೆಳಕು ಕೊಡುವ ಇಆರ್‌ಇ-ಲೂಸಿಫರೇಸ್ ರಿಪೋರ್ಟರ್ ಹಾಕಿ 1 ನ್ಯಾನೋಮೋಲಾರ್ ಎಸ್ಟ್ರಾಡಿಯಾಲ್‌ಗೆ 24 ಗಂಟೆಯಲ್ಲಿ ಏರುತ್ತದೆಯೇ, ಐಸಿಐಗೆ ಇಳಿಯುತ್ತದೆಯೇ ನೋಡಿ.

---

ನರತಂತು:

ಧನ್ಯವಾದ. ನಮ್ಮ ಡಿಎಂಇಎಂ/ಎಫ್12ನಲ್ಲಿ ಪೈರುವೇಟ್ ಇರುವುದು ಲೇಬಲ್‌ನಲ್ಲೇ ಇದೆ, ಈವರೆಗೆ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಎರಡು ಅನುಮಾನ ಉಳಿದಿವೆ. ರಿಪೋರ್ಟರ್ ಏರದಿದ್ದರೆ ಇಆರ್-ಆಲ್ಫಾವನ್ನು ಸ್ಥಿರವಾಗಿ ಸೇರಿಸಿದ ಕ್ಲೋನ್ ಮಾಡಿಕೊಳ್ಳುವುದು ಸರಿಯೇ? ಮತ್ತು 10 ಮೈಕ್ರೋಮೋಲಾರ್‌ನಲ್ಲಿ ಪ್ರತಿ ಸಲ ರಕ್ಷಣೆ ಬರುತ್ತದಲ್ಲ, ಅದು ಏನು?

---

ಡೋಸ್_ಲೆಕ್ಕ ಉತ್ತರ:

10 ಮೈಕ್ರೋಮೋಲಾರ್‌ನಲ್ಲಿ ನೀವು ನೋಡುತ್ತಿರುವುದು ಹಾರ್ಮೋನಿನ ಕೆಲಸವಲ್ಲ, ಫಿನಾಲ್ ರಾಸಾಯನಿಕದ ಕೆಲಸ ಆಗಿರುವ ಸಾಧ್ಯತೆಯೇ ಹೆಚ್ಚು. ಎಸ್ಟ್ರಾಡಿಯಾಲ್‌ನ ಎ ಉಂಗುರದಲ್ಲಿರುವ ಫಿನಾಲ್ ಗುಂಪು ಫ್ರೀ ರ‍್ಯಾಡಿಕಲ್‌ಗಳನ್ನು ಹಿಡಿಯುತ್ತದೆ, ವಿಟಮಿನ್ ಇ ಹಾಗೆ. ಎಚ್‌ಟಿ-22 ಎಂಬ ಇಲಿಯ ಹಿಪೊಕ್ಯಾಂಪಸ್ ಕೋಶಗಳಲ್ಲಿ ಕೆಲಸ ಮಾಡುವ ಎಸ್ಟ್ರೊಜನ್ ರಿಸೆಪ್ಟರ್ ಇಲ್ಲದಿದ್ದರೂ ಮೈಕ್ರೋಮೋಲಾರ್ ಎಸ್ಟ್ರಾಡಿಯಾಲ್ ಅವುಗಳನ್ನು ಗ್ಲುಟಮೇಟ್‌ನಿಂದ ಕಾಪಾಡುತ್ತದೆ. ಪ್ರಾಣಿಯ ದೇಹದಲ್ಲಿ ಅಂಥ ಮಟ್ಟ ಎಂದೂ ಬರುವುದಿಲ್ಲ. ಹೆಂಗಸರ ರಕ್ತದಲ್ಲಿ ಅಂಡ ಬಿಡುಗಡೆಗೆ ಮುಂಚಿನ ಶಿಖರದಲ್ಲೂ ಎಸ್ಟ್ರಾಡಿಯಾಲ್ ಸುಮಾರು 1 ನ್ಯಾನೋಮೋಲಾರ್ ಆಸುಪಾಸು. ರಕ್ತಪರೀಕ್ಷೆಯ ಅಂಕಿ ಬಳಸುವಾಗ 1 ಪಿಕೋಗ್ರಾಂ/ಮಿಲೀ ಅಂದರೆ 3.67 ಪಿಕೋಮೋಲಾರ್.

ಬೇರ್ಪಡಿಸುವ ದಾರಿ: 17-ಆಲ್ಫಾ ಎಸ್ಟ್ರಾಡಿಯಾಲ್ ಅದೇ ಡೋಸ್‌ನಲ್ಲಿ ಹಾಕಿ. ಅದಕ್ಕೂ ಅದೇ ಫಿನಾಲ್ ಉಂಗುರವಿದೆ, ಆದರೆ ರಿಸೆಪ್ಟರ್‌ಗೆ ಅಂಟುವ ಬಲ ಕಡಿಮೆ. ಅದೂ ಅಷ್ಟೇ ಕಾಪಾಡಿದರೆ, ಐಸಿಐ ತಡೆಯದಿದ್ದರೆ, ಉತ್ತರ ಸಿಕ್ಕಂತೆ. ನಿಮ್ಮ ನಿಜವಾದ ಪ್ರಯೋಗ 10 ಪಿಕೋಮೋಲಾರ್‌ನಿಂದ 10 ನ್ಯಾನೋಮೋಲಾರ್ ನಡುವೆ ಇರಲಿ.

ಸ್ಟಾಕ್ ಹೀಗೆ: 2.72 ಮಿಗ್ರಾಂ ಎಸ್ಟ್ರಾಡಿಯಾಲ್ 1 ಮಿಲೀ ಶುದ್ಧ ಎಥನಾಲ್‌ನಲ್ಲಿ, ಅದು 10 ಮಿಲಿಮೋಲಾರ್. ಅದರಿಂದ ಎಥನಾಲ್‌ನಲ್ಲೇ 10 ಮೈಕ್ರೋ, 1 ಮೈಕ್ರೋ, 100 ನ್ಯಾನೋ, 10 ನ್ಯಾನೋಮೋಲಾರ್ ದ್ರಾವಣಗಳು. ಪ್ರತಿಯೊಂದನ್ನೂ ಮೀಡಿಯಂಗೆ 1:1000 ಹಾಕಿದರೆ 10 ನ್ಯಾನೋಮೋಲಾರ್‌ನಿಂದ 10 ಪಿಕೋಮೋಲಾರ್‌ವರೆಗೆ ಸರಣಿ ಸಿಗುತ್ತದೆ, ಎಲ್ಲ ವೆಲ್‌ಗಳಲ್ಲೂ ಎಥನಾಲ್ 0.1% ಮಾತ್ರ. ಒಂದೇ ಸ್ಟಾಕ್‌ನಿಂದ ಬೇರೆಬೇರೆ ಅಳತೆ ಹಾಕಿ ಡೋಸ್ ಏರಿಸಿದರೆ ಎಥನಾಲೂ ಏರುತ್ತದೆ. ಪದೇಪದೇ ಮುಚ್ಚಳ ತೆರೆದ ವಯಲ್‌ನಲ್ಲಿ ಎಥನಾಲ್ ಹಾರಿ ಸ್ಟಾಕ್ ಗಟ್ಟಿಯಾಗುತ್ತದೆ. ಚಿಕ್ಕ ಭಾಗಗಳಾಗಿ ಹಂಚಿ ಮೈನಸ್ 20ರಲ್ಲಿಡಿ.

ತಡೆಗೆ ಐಸಿಐ 1 ಮೈಕ್ರೋಮೋಲಾರ್, ಹಾರ್ಮೋನಿಗೆ ಒಂದು ಗಂಟೆ ಮೊದಲು. ಐಸಿಐ ಮಾತ್ರ ಹಾಕಿದ ವೆಲ್‌ಗಳೂ ಬೇಕು, ಯಾಕೆಂದರೆ ಅದು ಜಿಪಿಇಆರ್ ಅನ್ನು ತಡೆಯುವುದಿಲ್ಲ, ಚಾಲೂ ಮಾಡುತ್ತದೆ. ಆದ್ದರಿಂದ ಐಸಿಐ ತಡೆಯಲಿಲ್ಲ ಅಂದಮಾತ್ರಕ್ಕೆ ಯಾವ ರಿಸೆಪ್ಟರೂ ಇಲ್ಲ ಎನ್ನಲಾಗದು, ಜಿಪಿಇಆರ್ ತಡೆಯುವ ಜಿ-36 ಜೊತೆಗಿರಲಿ. ಟ್ಯಾಮಾಕ್ಸಿಫೆನ್ ಅನ್ನು ಬ್ಲಾಕರ್ ಎಂದು ಬಳಸಬೇಡಿ, ಕೋಶಕ್ಕೆ ತಕ್ಕಂತೆ ಅದೇ ಎಸ್ಟ್ರೊಜನ್ ಆಗಿಬಿಡುತ್ತದೆ. ಇಆರ್-ಆಲ್ಫಾವನ್ನು ಮಾತ್ರ ಆರಿಸಿ ಚಾಲೂ ಮಾಡಲು ಪಿಪಿಟಿ ಎಂಬ ರಾಸಾಯನಿಕ, ಬೀಟಾಗೆ ಡಿಪಿಎನ್. ಡಿಪಿಎನ್ ಬೀಟಾಗೆ ಸುಮಾರು 70 ಪಟ್ಟು ಮಾತ್ರ ಹೆಚ್ಚು ಒಲವುಳ್ಳದ್ದು, 1 ಮೈಕ್ರೋಮೋಲಾರ್ ಹಾಕಿದರೆ ಆಲ್ಫಾವೂ ಎಚ್ಚರಗೊಳ್ಳುತ್ತದೆ. 10 ನ್ಯಾನೋಮೋಲಾರ್ ದಾಟಬೇಡಿ.

ಟೆಸ್ಟೊಸ್ಟಿರೋನ್‌ಗೆ ಹೋಗುವುದಾದರೆ ಇನ್ನೂ ಎಚ್ಚರ. ಅರೊಮಟೇಸ್ ಇದ್ದರೆ ಅದು ಎಸ್ಟ್ರಾಡಿಯಾಲ್ ಆಗುತ್ತದೆ, ಆ ಕಿಣ್ವವನ್ನು ತಡೆಯುವ ಲೆಟ್ರೊಜೋಲ್ 100 ನ್ಯಾನೋಮೋಲಾರ್ ಇರುವ ವೆಲ್‌ಗಳು ಬೇಕು. ಅದನ್ನು ತಪ್ಪಿಸಲು ಎಸ್ಟ್ರಾಡಿಯಾಲ್ ಆಗದ ಆಂಡ್ರೊಜನ್ ಡಿಎಚ್‌ಟಿ ಬಳಸಿದರೆ, ಅದು ಕೋಶದೊಳಗೆ 3-ಬೀಟಾ ಡಯೋಲ್ ಆಗಿ ಇಆರ್-ಬೀಟಾಗೆ ಅಂಟಬಹುದು. ಪ್ರೊಜೆಸ್ಟರೋನ್‌ನ ಕತೆಯೂ ಹೀಗೇ: ಅಲೊಪ್ರೆಗ್ನನೊಲೋನ್ ಆಗಿ ಜಿಎಬಿಎ-ಎ ರಿಸೆಪ್ಟರ್ ಮೇಲೆ ಕೂರುತ್ತದೆ. ತಡೆಯಲು ಮಿಫೆಪ್ರಿಸ್ಟೋನ್ ಹಾಕಿದರೆ ಗ್ಲುಕೊಕಾರ್ಟಿಕಾಯ್ಡ್ ರಿಸೆಪ್ಟರೂ ಮುಚ್ಚಿಹೋಗುತ್ತದೆ.

ಕ್ಲೋನ್ ಬಗ್ಗೆ: ಮಾಡಬಹುದು, ಆದರೆ ಪ್ರಶ್ನೆ ಬದಲಾಗುತ್ತದೆ. ಆಗ ನೀವು ಕೇಳುವುದು, ಈ ಕೋಶದಲ್ಲಿ ಇಆರ್-ಆಲ್ಫಾ ಇದ್ದಿದ್ದರೆ ಏನು ಮಾಡುತ್ತಿತ್ತು ಎಂದು. ಅದೂ ಒಳ್ಳೆಯ ಪ್ರಶ್ನೆಯೇ, ಹಾಗೆಂದೇ ಬರೆಯಿರಿ. ಕನಿಷ್ಠ ಮೂರು ಸ್ವತಂತ್ರ ಕ್ಲೋನ್, ಅದೇ ಹೊತ್ತಿಗೆ ಆರಿಸಿದ ಖಾಲಿ ವೆಕ್ಟರ್ ಕ್ಲೋನ್‌ಗಳು ಬೇಕು. ರಿಸೆಪ್ಟರ್ ಮಟ್ಟ ಎಂಸಿಎಫ್-7ಗಿಂತ ಬಹಳ ಮೇಲೆ ಹೋಗಿದ್ದರೆ ಆ ಕ್ಲೋನ್ ಬಿಡಿ.

ಎಂಟಿಟಿ ಕೋಶ ಬದುಕಿದೆಯೇ ಎನ್ನುವುದನ್ನಲ್ಲ, ಚಯಾಪಚಯ ಎಷ್ಟು ಚುರುಕು ಎನ್ನುವುದನ್ನು ಅಳೆಯುತ್ತದೆ. ಎಸ್ಟ್ರಾಡಿಯಾಲ್ ಮೈಟೊಕಾಂಡ್ರಿಯಾವನ್ನೇ ಚುರುಕುಗೊಳಿಸಿದರೆ ಒಂದೂ ಕೋಶ ಹೆಚ್ಚು ಉಳಿಯದೆ ಅಂಕಿ ಏರುತ್ತದೆ. ನ್ಯೂಕ್ಲಿಯಸ್ ಎಣಿಸಿ, ಪ್ರೊಪಿಡಿಯಂ ಅಯೋಡೈಡ್ ಹಾಕಿ ಸತ್ತವನ್ನು ಬೇರೆ ಎಣಿಸಿ.

---

ಹೈಪೊಥಲಮಸ್_ಕಡೆಯಿಂದ ಉತ್ತರ:

ಗಂಡು-ಹೆಣ್ಣು ಹೋಲಿಕೆ ಈ ಎರಡು ಲೈನ್‌ಗಳಿಂದ ಆಗದು. ಎಸ್‌ಎಚ್-ಎಸ್‌ವೈ5ವೈ 4 ವರ್ಷದ ಹುಡುಗಿಯೊಬ್ಬಳ ನ್ಯೂರೊಬ್ಲಾಸ್ಟೊಮಾ ಮೂಳೆಮಜ್ಜೆಗೆ ಹರಡಿದ್ದರಿಂದ ತೆಗೆದದ್ದು, ಎಸ್‌ಕೆ-ಎನ್-ಎಸ್‌ಎಚ್‌ನಿಂದ ಮೂರು ಸಲ ಉಪಕ್ಲೋನ್ ಮಾಡಿದ್ದು. ಎನ್2ಎ ಗಂಡು ಇಲಿಯ ಗಡ್ಡೆ. ಪ್ರಾಣಿ ಬೇರೆ, ವಯಸ್ಸು ಬೇರೆ, ಗಡ್ಡೆ ಬೇರೆ; ಲಿಂಗ ಅದರಲ್ಲಿ ಒಂದು ಎಳೆ ಮಾತ್ರ. ಎರಡೂ ಮನುಷ್ಯರದೇ ಆಗಿದ್ದರೂ ಒಬ್ಬ ಗಂಡು, ಒಬ್ಬ ಹೆಣ್ಣು ಅಂದರೆ ಸಂಖ್ಯೆ ಒಂದೊಂದೇ. ಅದೂ ಅಲ್ಲದೆ ಹಳೆಯ ಗಂಡು ಲೈನ್‌ಗಳು ವೈ ವರ್ಣತಂತುವನ್ನು ಕಳೆದುಕೊಂಡಿರುವುದು ಸಾಮಾನ್ಯ, ಹೆಣ್ಣು ಲೈನ್‌ಗಳಲ್ಲಿ ಎಕ್ಸ್ ನಿಷ್ಕ್ರಿಯತೆ (ಎರಡರಲ್ಲಿ ಒಂದು ಎಕ್ಸ್ ಮುಚ್ಚಿರುವುದು) ಸಡಿಲಗೊಂಡಿರುವುದೂ ಉಂಟು. ಎಸ್‌ಟಿಆರ್ ವರದಿಯಲ್ಲಿ ಲಿಂಗ ತಿಳಿಸುವ ಅಮೆಲೊಜೆನಿನ್ ಸಾಲಿನಲ್ಲಿ ಎಕ್ಸ್ ಮಾತ್ರ ಕಂಡರೆ ಹೆಣ್ಣು ಎಂದು ತಕ್ಷಣ ತೀರ್ಮಾನಿಸಬೇಡಿ.

ಆ ಪ್ರಶ್ನೆಯೇ ಮುಖ್ಯವಾದರೆ ಪ್ರೈಮರಿ ನರಕೋಶಗಳಿಗೆ ಹೋಗಿ. ಪ್ರತಿ ಭ್ರೂಣದ ಬಾಲದ ತುಣುಕಿನಿಂದ ವೈ ವರ್ಣತಂತುವಿನ ಎಸ್‌ಆರ್‌ವೈ ಜೀನ್‌ಗೆ ಪಿಸಿಆರ್ ಮಾಡಿ ಗಂಡು-ಹೆಣ್ಣು ಬೇರೆಬೇರೆ ಬೆಳೆಸಿ. ಗಂಡು ಹೆಗ್ಗಣದ ಭ್ರೂಣದಲ್ಲಿ 18ನೇ ದಿನದ ಆಸುಪಾಸಿನಲ್ಲಿ ಟೆಸ್ಟೊಸ್ಟಿರೋನ್ ಏರುತ್ತದೆ. ಆ ಹೊತ್ತಿಗೆ ತೆಗೆದ ಕೋಶಗಳು ಹಾರ್ಮೋನನ್ನು ಆಗಲೇ ಕಂಡಿರುತ್ತವೆ. ವರ್ಣತಂತುವಿನ ಪ್ರಭಾವ ಮಾತ್ರ ಬೇಕಿದ್ದರೆ ಅದಕ್ಕಿಂತ ಮೊದಲೇ ತೆಗೆಯಬೇಕು.

ಸೆಲ್ ಲೈನ್‌ಗಳು ನಿಜವಾಗಿ ಉಪಕಾರಕ್ಕೆ ಬರುವುದು ಸಂತಾನೋತ್ಪತ್ತಿಯ ಹಾರ್ಮೋನ್ ಸರಪಳಿಯ ಪ್ರಶ್ನೆಗಳಲ್ಲಿ ಎಂಬುದು ನನ್ನ ಅಭಿಪ್ರಾಯ. ಜಿಟಿ1-7 ಲೈನ್ 1990ರಿಂದ ಇದೆ. ಜಿಎನ್‌ಆರ್‌ಎಚ್ (ಸಂತಾನೋತ್ಪತ್ತಿಯ ಹಾರ್ಮೋನ್ ಸರಪಳಿಯನ್ನು ಮಿದುಳಿನಿಂದ ಶುರುಮಾಡುವ ಹಾರ್ಮೋನು) ಪ್ರೊಮೋಟರ್ ಅಡಿಯಲ್ಲಿ ಗಡ್ಡೆ ಬರಿಸುವ ಎಸ್‌ವಿ40 ಟಿ-ಆಂಟಿಜೆನ್ ಇಟ್ಟು ಇಲಿಯಲ್ಲಿ ಬರಿಸಿದ ಗಡ್ಡೆಯಿಂದ ಬಂದದ್ದು, ಜಿಎನ್‌ಆರ್‌ಎಚ್ ಅನ್ನು ಸ್ವತಃ ಸ್ರವಿಸುತ್ತದೆ. ಅದರಲ್ಲಿ ಇಆರ್-ಆಲ್ಫಾ, ಬೀಟಾ ಎರಡೂ ವರದಿಯಾಗಿವೆ. ಆದರೆ ಮಿದುಳಿನ ಜಿಎನ್‌ಆರ್‌ಎಚ್ ನರಕೋಶಗಳಲ್ಲಿರುವುದು ಬೀಟಾ, ಆಲ್ಫಾ ಅಲ್ಲ. ಆದ್ದರಿಂದ ಜಿಟಿ1-7ನಲ್ಲಿ ಪಿಪಿಟಿಗೆ ಬಂದ ಪರಿಣಾಮವನ್ನು ಮಿದುಳಿಗೆ ಹೊರಿಸಬಾರದು. ಎಸ್ಟ್ರಾಡಿಯಾಲ್‌ನ ಫೀಡ್‌ಬ್ಯಾಕ್ ನಡೆಯುವುದು ಜಿಎನ್‌ಆರ್‌ಎಚ್ ನರಕೋಶಗಳನ್ನು ಪ್ರಚೋದಿಸುವ ಕಿಸ್‌ಪೆಪ್ಟಿನ್ ನರಕೋಶಗಳಲ್ಲಿ. ಎಸ್ಟ್ರಾಡಿಯಾಲ್ ಹೈಪೊಥಲಮಸ್‌ನ ಆರ್ಕ್ಯುಯೇಟ್ ಭಾಗದಲ್ಲಿ ಕಿಸ್‌ಪೆಪ್ಟಿನ್‌ನ ಕಿಸ್1 ಜೀನನ್ನು ತಗ್ಗಿಸುತ್ತದೆ, ಎವಿಪಿವಿ ಭಾಗದಲ್ಲಿ ಏರಿಸುತ್ತದೆ. ಕೆಟಿಎಆರ್-1 ಮೊದಲನೆಯ ಭಾಗದಿಂದ, ಕೆಟಿಎವಿ-3 ಎರಡನೆಯದರಿಂದ ಬಂದ ಹೆಣ್ಣು ಇಲಿಯ ಲೈನ್‌ಗಳು. ಒಂದೇ ಹಾರ್ಮೋನು ಎರಡು ದಿಕ್ಕಿಗೆ ಹೇಗೆ ಎಳೆಯುತ್ತದೆ ಎಂಬುದನ್ನು ಎರಡು ಫ್ಲಾಸ್ಕ್‌ಗಳಲ್ಲಿ ಅಕ್ಕಪಕ್ಕ ಇಟ್ಟು ನೋಡಬಹುದು. ಇದಕ್ಕಿಂತ ಚೆಂದದ ಬಳಕೆ ನನಗೆ ಕಾಣುವುದಿಲ್ಲ.

---

ಮೀಡಿಯಂ_ಮೇಜು:

ಮುಂದೆ ಇಆರ್‌ಕೆ (ಇದು ಎಂಎಪಿ ಕೈನೇಸ್, ಎಸ್ಟ್ರೊಜನ್ ರಿಸೆಪ್ಟರ್ ಅಲ್ಲ) ಫಾಸ್ಫೊರಿಲೇಶನ್‌ನಂಥ ವೇಗದ ಸಂಕೇತ ನೋಡುವುದಾದರೆ ಒಂದು ಮಾತು. ಬರೀ ಮೀಡಿಯಂ ಬದಲಿಸಿದರೂ, ಪ್ಲೇಟ್ ಜೋರಾಗಿ ಅಲುಗಿಸಿದರೂ ಐದು ನಿಮಿಷದಲ್ಲಿ ಇಆರ್‌ಕೆ ಏರುತ್ತದೆ. ಹಾರ್ಮೋನನ್ನು ಅದೇ ಮೀಡಿಯಂನಲ್ಲಿ 10 ಪಟ್ಟು ಗಟ್ಟಿಯಾಗಿ ಕಲಸಿ, 37 ಡಿಗ್ರಿಗೆ ತಂದು, ವೆಲ್‌ನಲ್ಲಿರುವ 900 ಮೈಕ್ರೋಲೀಟರ್‌ಗೆ 100 ಮೈಕ್ರೋಲೀಟರ್ ಅಂಚಿನಿಂದ ನಿಧಾನ ಬಿಡಿ. ಕೊನೆಯಲ್ಲಿ ಎಥನಾಲ್ 0.1% ಮೀರದಂತೆ ಮೊದಲೇ ಲೆಕ್ಕ ಹಾಕಿರಿ. ವೆಹಿಕಲ್ (ಎಥನಾಲ್ ಮಾತ್ರ) ವೆಲ್‌ಗಳಿಗೂ ಅದೇ ರೀತಿ, 2, 5, 15, 30 ನಿಮಿಷ ಪ್ರತಿ ಹೊತ್ತಿಗೂ ಅದರದೇ ವೆಹಿಕಲ್. ಸೊನ್ನೆ ನಿಮಿಷದ ಒಂದೇ ವೆಲ್ ಸಾಲದು. ಪೊರೆಯ ರಿಸೆಪ್ಟರ್ ಎಂದು ತೋರಿಸಲು ಕೋಶದೊಳಗೆ ಹೋಗದಂತೆ ಬಿಎಸ್‌ಎ ಎಂಬ ದೊಡ್ಡ ಪ್ರೋಟೀನ್‌ಗೆ ಅಂಟಿಸಿದ ಎಸ್ಟ್ರಾಡಿಯಾಲ್ ಬಳಸುವವರಿದ್ದಾರೆ. ಅದರಿಂದ ಬಿಡಿ ಎಸ್ಟ್ರಾಡಿಯಾಲ್ ಕಳಚಿಕೊಳ್ಳುತ್ತದೆ. ಬಳಸುವ ದಿನವೇ ಸೂಕ್ಷ್ಮ ರಂಧ್ರದ ಸ್ಪಿನ್ ಫಿಲ್ಟರ್‌ನಲ್ಲಿ ತೊಳೆದು, ಕೆಳಗೆ ಇಳಿದ ದ್ರವವನ್ನೂ ಒಂದು ಸಾಲು ವೆಲ್‌ಗಳಿಗೆ ಹಾಕಿ ನೋಡಿ.